ಮೆಲುಕು: ಒಂದು ಇಂಗ್ಲಿಷ್ ಕ್ರಿಯಾಪದದ ಅರ್ಥ ಮತ್ತು ಮೂಲ

(ಉಪನ್ಯಾಸದ ಬರಹರೂಪ)



ಶತಮಾನೋತ್ಸವದ ಸಂದರ್ಭದಲ್ಲಿ ಭಾಷೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ಇಂತಹ ಸಮಾರಂಭಗಳಲ್ಲಿ ವೇದಿಕೆಯನ್ನೇರಿದವರೆಲ್ಲರೂ ತಪ್ಪದೆ ಆಡುವ ಮಾತೊಂದುಂಟು: 'ಕಳೆದ ದಿನಗಳನ್ನು ಮೆಲುಕು ಹಾಕೋಣ.' ಸ್ಮರಣಸಂಚಿಕೆಗಳನ್ನು ತೆರೆದರೆ 'ನೆನಪಿನ ಮೆಲುಕು' ಎಂಬ ತಲೆಬರಹವಿಲ್ಲದ ಸಂಚಿಕೆ ದೊರೆಯುವುದೇ ಅಪರೂಪ. ಎಲ್ಲರೂ ಆಡುವ ಮಾತನ್ನು ಯಾರೂ ನಿಂತು ನೋಡುವುದಿಲ್ಲ. ಇಂದು ಅದೊಂದನ್ನೇ ನಿಮ್ಮೆದುರು ಇಟ್ಟುಕೊಂಡು ನೋಡಬೇಕೆಂದು ನನ್ನ ಆಶೆ. ಆದರೆ ನೇರವಾಗಿ ಅಲ್ಲ. ಒಂದು ಇಂಗ್ಲಿಷ್ ಪದದ ಬಾಗಿಲಿನಿಂದ ಒಳಹೊಕ್ಕು ನಮ್ಮ ಕೊಟ್ಟಿಗೆಗೆ ಬರೋಣ.

ಆ ಪದ 'ರುಮಿನೇಟ್'. ಇಂಗ್ಲಿಷ್ ಬಲ್ಲವರೂ ದಿನನಿತ್ಯದ ಮಾತಿನಲ್ಲಿ ಇದನ್ನು ಹೆಚ್ಚಾಗಿ ಬಳಸುವುದಿಲ್ಲ. ಪುಸ್ತಕಗಳಲ್ಲಿ ಸಿಕ್ಕುತ್ತದೆ. ಒಂದು ವಿಷಯವನ್ನು ಅವಸರವಿಲ್ಲದೆ, ಮತ್ತೆ ಮತ್ತೆ, ಮನಸ್ಸಿನಲ್ಲಿ ಹೊರಳಿಸಿ ಹೊರಳಿಸಿ ಯೋಚಿಸುವುದು ಎಂದು ಅದರ ಅರ್ಥ. ಇಂಗ್ಲಿಷಿಗೆ ಇದು ಬಂದದ್ದು 16ನೆಯ ಶತಮಾನದಲ್ಲಿ, ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ 'ರುಮೆನ್' ಎಂದರೆ ಗಂಟಲು, ಅನ್ನನಾಳ. ಮುಂದೆ ಅದೇ ಪದ ಹಸುವಿನ ಮೊದಲ ಹೊಟ್ಟೆಗೆ ಹೆಸರಾಯಿತು. ಅದರಿಂದಾದ ಕ್ರಿಯಾಪದ 'ರುಮಿನಾರೆ' ಎಂಬುದಕ್ಕೆ ನುಂಗಿದ ಮೇವನ್ನು ಮತ್ತೆ ಬಾಯಿಗೆ ತಂದುಕೊಂಡು ಅಗಿಯುವುದು ಎಂದು ಅರ್ಥ. ಯೋಚಿಸುವುದು ಎಂಬ ಎರಡನೆಯ ಅರ್ಥ ಲ್ಯಾಟಿನ್ನಿನಲ್ಲಿಯೇ ಬೆಳೆದಿತ್ತು. ಆದ್ದರಿಂದ ಇಂಗ್ಲಿಷರು ಆ ಪದವನ್ನು ಹಸುವಿನ ಸಮೇತವಾಗಿಯೇ ಮನೆಗೆ ತಂದುಕೊಂಡರೆಂದು ಹೇಳಬಹುದು. ಅದೇ ಮೂಲದಿಂದ ದನ, ಎಮ್ಮೆ, ಕುರಿ, ಮೇಕೆ, ಜಿಂಕೆ ಮೊದಲಾದ ಪ್ರಾಣಿಗಳಿಗೆ 'ರುಮಿನಂಟ್' ಎಂಬ ಹೆಸರು ಪ್ರಾಣಿಶಾಸ್ತ್ರದಲ್ಲಿ ನಿಂತಿದೆ.

ಈಗ ನಮ್ಮ ಪದ. ಕನ್ನಡದಲ್ಲಿ 'ಮೆಲ್' ಎಂದರೆ ಅಗಿ, ತಿನ್ನು. ಅದರಿಂದ 'ಮೆಲ್ಲು', ಅದರಿಂದಲೇ 'ಮೆಲುಕು'. 'ಮೆಲ್ಲಗೆ', 'ಮೆಲುದನಿ' ಮೊದಲಾದವುಗಳಲ್ಲಿ ಕಾಣುವ ಮೃದು ಎಂಬ ಅರ್ಥದ 'ಮೆಲ್' ಬೇರೆ ಧಾತುವೆಂದು ದ್ರಾವಿಡ ಭಾಷಾಶಾಸ್ತ್ರಜ್ಞರು ಬೇರೆಯಾಗಿಯೇ ಇರಿಸಿದ್ದಾರೆ. ಮೆಲುಕು ಹಾಕುವುದು ಮೆಲ್ಲಗೆ ನಡೆಯುವ ಕೆಲಸವಾದುದರಿಂದ ಎರಡನ್ನೂ ಒಂದುಗೂಡಿಸುವ ಮೋಹ ಯಾರಿಗಾದರೂ ಹುಟ್ಟೀತು. ಅದನ್ನು ತಡೆದುಕೊಳ್ಳುವುದು ಲೇಸು. ನಮ್ಮ ಭಾಗದ ಆಡುಮಾತಿನಲ್ಲಿ ಇದು 'ಮೆಲಕು'. ಅರ್ಥದ ಬೆಳವಣಿಗೆ ಮಾತ್ರ ಲ್ಯಾಟಿನ್ನಿನದೇ ಹಾದಿ: ಮೊದಲು ದನದ ಬಾಯಿ, ಬಳಿಕ ಮನುಷ್ಯನ ಮನಸ್ಸು. ಕನ್ನಡ ಲ್ಯಾಟಿನ್ನಿನಿಂದ ಕಲಿಯಲಿಲ್ಲ, ಲ್ಯಾಟಿನ್ ಕನ್ನಡದಿಂದ ಕಲಿಯಲಿಲ್ಲ. ಎರಡು ನಾಡುಗಳ ಜನರೂ ಸಂಜೆಯ ಹೊತ್ತು ಕೊಟ್ಟಿಗೆಯ ಮುಂದೆ ಕುಳಿತು ಒಂದೇ ನೋಟವನ್ನು ನೋಡಿದರು.

ರಾಯಚೂರು ಸೀಮೆಯವರಾದ ನಮಗೆ ಇನ್ನೊಂದು ಅನುಕೂಲವಿದೆ. 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರಿಗೆ ಸೇರಿದ ಈ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕೂ ಸಂತೆಯಲ್ಲಿ ಕೇಳಿಬಂದ ಭಾಷೆಗಳು. ತೆಲುಗಿನವರು 'ನೆಮರು ವೇಯು' ಎನ್ನುತ್ತಾರೆ. ದನಕ್ಕೂ ಅದೇ, ನೆನಪಿಗೂ ಅದೇ. ಉರ್ದುವಿನಲ್ಲಿ 'ಜುಗಾಲಿ'. ಮರಾಠಿಯ 'ರವಂಥ' ಸಂಸ್ಕೃತದ 'ರೋಮಂಥ'ದಿಂದ ಬಂದದ್ದು. ಇನ್ನೂ ತೆಂಕಣಕ್ಕೆ ಹೋದರೆ ತಮಿಳರ 'ಅಶೈ ಪೋಡು', ಮಲಯಾಳಿಗಳ 'ಅಯವಿರಕ್ಕುಕ' ಎಂಬ ಮಾತುಗಳೂ ದನದ ಬಾಯಿಂದ ಮನುಷ್ಯನ ನೆನಪಿಗೆ ಏರಿದುವೇ. 'ರೋಮಂಥ'ಕ್ಕೂ ಲ್ಯಾಟಿನ್ನಿನ 'ರುಮೆನ್'ಗೂ ನಂಟಿದೆಯೆಂದು ಕೆಲವು ನಿರುಕ್ತಕಾರರು ಹೇಳಿದ್ದುಂಟು. ಧ್ವನಿಯ ಹೋಲಿಕೆಯೊಂದರಿಂದಲೇ ಇಂತಹ ನಂಟು ಇತ್ಯರ್ಥವಾಗುವುದಿಲ್ಲವೆಂದು ಸೇರಿಸಿ, ಆ ಮಾತನ್ನು ಅಲ್ಲಿಗೇ ಬಿಡುತ್ತೇನೆ.

ಯೋಚನೆಗೆ ಹೆಸರಿಡುವಾಗ ಮನುಷ್ಯನು ಎಂದೂ ಕೈಗೆ ಸಿಕ್ಕುವ ಕೆಲಸಗಳ ಹೆಸರುಗಳನ್ನೇ ಎರವಲು ತಂದಿದ್ದಾನೆ. ಇಂಗ್ಲಿಷಿನ 'ಪಾಂಡರ್' ಎಂಬುದರಲ್ಲಿ ತಕ್ಕಡಿಯಿದೆ, ತೂಗುವುದೆಂದು ಅದರ ಮೂಲಾರ್ಥ; ನಾವೂ ಮಾತನ್ನು ತೂಗಿ ನೋಡುತ್ತೇವೆ. 'ಕಾಜಿಟೇಟ್' ಎಂಬ ಇನ್ನೊಂದು ಅಪರೂಪದ ಪದದಲ್ಲಿ ಒಟ್ಟಿಗೆ ಹಾಕಿ ಕುಲುಕುವ ಕೆಲಸವಿದೆ. ನಮ್ಮ 'ಮಂಥನ'ದಲ್ಲಿ ಮೊಸರಿನ ಗಡಿಗೆಯಿದೆ. 'ಎಣಿಸು' ಎಂಬಲ್ಲಿ ಲೆಕ್ಕವಿದೆ. 'ಯೋಚಿಸು' ಎಂಬುದರ ಧಾತು ಎತ್ತನ್ನು ನೊಗಕ್ಕೆ ಹೂಡುವ 'ಯುಜ್'. 'ವಿಚಾರ'ವೆಂಬ ಪದವನ್ನು ನೋಡಿ: ಅದರ 'ಚರ್' ಧಾತುವಿಗೆ ಅಲೆಯುವುದು ಎಂದೂ ಅರ್ಥ, ಮೇಯುವುದು ಎಂದೂ ಅರ್ಥ. 'ಗೋಚರ'ವೆಂದರೆ ಮೂಲದಲ್ಲಿ ದನ ಮೇಯುವ ನೆಲ. ನಮ್ಮ ಕಡೆಯ ಮಾತಿನಲ್ಲಿ ಗಾಯರಾಣ. ಇಂದ್ರಿಯಗಳು ಮೇಯುವ ಬಯಲು ಎಂಬ ಭಾವದಿಂದ ಅದು ಕಣ್ಣಿಗೆ ಕಾಣುವುದಕ್ಕೆ ಹೆಸರಾಯಿತು. ಹೀಗೆ ನೋಡಿದರೆ ವಿಚಾರವೆಂಬುದು ಮೇಯುವಿಕೆ, ಮೆಲುಕು ಅದರ ಮುಂದಿನ ಕೆಲಸ. ಹಗಲು ಗಾಯರಾಣದಲ್ಲಿ ತಿರುಗಾಡಿದ ಹಸು ಸಂಜೆಗೆ ಮನೆ ಸೇರಿ ಮಲಗಿ ದವಡೆಯಾಡಿಸತೊಡಗುತ್ತದಲ್ಲವೇ? ಪದಗಳಲ್ಲಿಯೂ ಅದೇ ದಿನಚರಿ ಉಳಿದುಕೊಂಡಿದೆ.

ಆ ದಿನಚರಿಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ. ಏಕೆಂದರೆ ಈ ಹೋಲಿಕೆಯ ಬಲವೆಲ್ಲವೂ ಅದರಲ್ಲಿಯೇ ಇದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದು, ಜೋಳದ ಹೊಲಗಳು ಎಷ್ಟೋ ಕಡೆ ಭತ್ತದ ಗದ್ದೆಗಳಾಗಿ, ಎತ್ತುಗಳು ನಿಂತ ಜಾಗದಲ್ಲಿ ಟ್ರಾಕ್ಟರುಗಳು ನಿಂತಿರುವ ಈ ದಿನಗಳಲ್ಲಿ, ದನ ಮೆಲುಕು ಹಾಕುವುದನ್ನು ನಿಂತು ನೋಡಿರದ ಮಕ್ಕಳು ಹಳ್ಳಿಗಳಲ್ಲಿಯೂ ಇದ್ದಾರೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಮೊದಲನೆಯದೇ ರುಮೆನ್, ದೊಡ್ಡ ಹಸುವಿನಲ್ಲಿ ಅದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಹಸುವಿಗೆ ಮೇಲ್ದವಡೆಯ ಮುಂಬದಿಯಲ್ಲಿ ಹಲ್ಲುಗಳಿಲ್ಲ. ಹುಲ್ಲನ್ನು ನಾಲಗೆಯಿಂದ ಸುತ್ತಿ ಸೆಳೆದು, ಅರೆಬರೆ ಅಗಿದು, ಬೇಗಬೇಗನೆ ನುಂಗಿಬಿಡುತ್ತದೆ. ಬಯಲಿನಲ್ಲಿ ಹೆಚ್ಚು ಹೊತ್ತು ತಲೆ ತಗ್ಗಿಸಿ ನಿಲ್ಲುವುದು ಮೇಯುವ ಪ್ರಾಣಿಗೆ ಅಪಾಯವೆಂಬುದು ಇದಕ್ಕೆ ಹೇಳಲಾಗುವ ಒಂದು ಕಾರಣ. ಆ ಕೋಣೆಯೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸವಾಗಿವೆ. ಒಣ ಕಣಿಕೆಯ ನಾರನ್ನು ಒಡೆದು ಆಹಾರವನ್ನಾಗಿ ಮಾಡುವ ಶಕ್ತಿ ಅವುಗಳದು, ಹಸುವಿನದಲ್ಲ. ಆದರೆ ನಾರು ಸಣ್ಣದಾಗದೆ ಅವುಗಳಿಗೂ ಅದು ಪೂರ್ತಿಯಾಗಿ ಒದಗುವುದಿಲ್ಲ. ಆದುದರಿಂದ ಹಸು ನಿಶ್ಚಿಂತೆಯಾಗಿ ಮಲಗಿದಾಗ ಒಂದೊಂದೇ ಉಂಡೆ ಗಂಟಲಿನ ಮೂಲಕ ಮೇಲಕ್ಕೆ ಬರುತ್ತದೆ. ಒಂದು ಉಂಡೆಯನ್ನು ನಲವತ್ತು, ಐವತ್ತು, ಅರವತ್ತು ಸಲ ಅಗಿಯುತ್ತದೆ. ಹೆಚ್ಚುಕಡಿಮೆ ಒಂದು ನಿಮಿಷ. ಆಮೇಲೆ ನುಂಗುತ್ತದೆ. ಕ್ಷಣಕಾಲ ಬಾಯಿ ಸುಮ್ಮನಿರುತ್ತದೆ. ಬಳಿಕ ಬೇರೊಂದು ಉಂಡೆ. ದಿನಕ್ಕೆ ಸುಮಾರು ಎಂಟು ಗಂಟೆಗಳಷ್ಟು ಕಾಲ ಹೀಗೆ ನಡೆಯುತ್ತದೆ. ದನ ಮೆಲುಕು ಬಿಟ್ಟಿತೆಂದರೆ ಅದಕ್ಕೆ ಏನೋ ಜಾಡ್ಯ ಬಂತೆಂದು ರೈತನು ಹೇಳುತ್ತಾನೆ. ಪಶುವೈದ್ಯನೂ ಬಂದೊಡನೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೊಂದು.

ಇನ್ನೊಂದು ಸಂಗತಿ ನಮ್ಮ ಜೋಳದ ನಾಡಿನವರಿಗೆ ಹೇಳಿಕೊಡಬೇಕಾದುದಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳವನ್ನು ದನ ಮೇಯ್ದರೆ ಉಳಿಯುವುದು ಕಷ್ಟ. ಆ ಎಳೆಯ ಗಿಡದಲ್ಲಿ ಅಡಗಿರುವ ವಿಷವನ್ನು ಬಿಡಿಸಿ ಹೊರಗೆಡಹುವುದರಲ್ಲಿ ಹೊಟ್ಟೆಯೊಳಗಿನ ಆ ಸೂಕ್ಷ್ಮಜೀವಿಗಳದೇ ದೊಡ್ಡ ಪಾಲು. ಒಳ್ಳೆಯ ಮೇವನ್ನು ರಕ್ತವನ್ನಾಗಿ ಮಾಡುವ ಅದೇ ಕೋಣೆ ಕೆಟ್ಟ ಮೇವನ್ನು ಸಾವನ್ನಾಗಿಯೂ ಮಾಡಬಲ್ಲದು. ಈ ಮಾತಿಗೆ ಮುಂದೆ ಮರಳುತ್ತೇನೆ.

ಈಗ ಪವಿತ್ರ ಗ್ರಂಥಕ್ಕೆ ಬರೋಣ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿಯೂ ಇಸ್ರಯೇಲರು ತಿನ್ನಬಹುದಾದ ಪ್ರಾಣಿಗಳ ಲಕ್ಷಣಗಳನ್ನು ಹೇಳಿದೆ. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ಎರಡೂ ಇದ್ದರೆ ಅದು ಶುದ್ಧ ಪ್ರಾಣಿ. ಹಂದಿಗೆ ಗೊರಸು ಸೀಳಿದೆ, ಮೆಲುಕಿಲ್ಲ. ಮೊಲವನ್ನು ಮೆಲುಕು ಹಾಕುವ ಪ್ರಾಣಿಗಳ ಜೊತೆಗೆ ಹೇಳಿದೆ. ಮೊಲಕ್ಕೆ ಹಸುವಿನಂತೆ ನಾಲ್ಕು ಕೋಣೆಗಳ ಹೊಟ್ಟೆಯಿಲ್ಲ, ಆದರೆ ಅದರ ಬಾಯಿ ಸದಾ ಆಡುತ್ತಿರುವುದನ್ನು ಕಂಡ ಜನರ ಮಾತು ಅದು. ಸಂತ ಜೆರೋಮರ ಲ್ಯಾಟಿನ್ ಅನುವಾದದಲ್ಲಿ ಈ ಜಾಗದಲ್ಲಿರುವ ಕ್ರಿಯಾಪದವೇ ನಮ್ಮ 'ರುಮಿನಾರೆ'.

ಈ ಆಹಾರನಿಯಮವನ್ನು ಓದಿದ ಪ್ರಾಚೀನರು ಅದನ್ನು ಅಡಿಗೆಮನೆಯಲ್ಲಿಯೇ ಬಿಡಲಿಲ್ಲ. ಯೇಸುಸ್ವಾಮಿಯ ಕಾಲದಲ್ಲಿಯೇ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಯೆಹೂದಿ ವಿದ್ವಾಂಸ ಫಿಲೋ, ಗುರುವಿನಿಂದ ಕೇಳಿದ್ದನ್ನು ಶಿಷ್ಯನು ನೆನಪಿನ ಬಲದಿಂದ ಮತ್ತೆ ಮೇಲಕ್ಕೆ ತಂದುಕೊಂಡು, ಅದು ಮನಸ್ಸಿನಲ್ಲಿ ಗಟ್ಟಿಯಾಗಿ ಅಚ್ಚೊತ್ತುವವರೆಗೆ ಅಗಿಯಬೇಕೆಂದು ಈ ನಿಯಮಕ್ಕೆ ಅರ್ಥ ಹೇಳಿದನು. ಆದಿ ಧರ್ಮಸಭೆಯ ಬರಹಗಳಲ್ಲೊಂದಾದ ಬಾರ್ನಬನ ಪತ್ರವೂ ಇದೇ ಜಾಡಿನಲ್ಲಿ ನಡೆಯುತ್ತದೆ. ಮೆಲುಕು ಹಾಕುವವರೆಂದರೆ ದೇವರ ವಾಕ್ಯವನ್ನು ಮನಸ್ಸಿನಲ್ಲಿ ಆಡಿಸುತ್ತಿರುವವರು, ಅಂತಹವರ ಜೊತೆಗೆ ಸೇರಿರಿ ಎಂದು ಅದರ ಬೋಧೆ. ಸಂತ ಅಗಸ್ಟೀನರು 4ನೆಯ ಶತಮಾನದ ಕೊನೆಯಲ್ಲಿ ತಮ್ಮ 'ಆತ್ಮನಿವೇದನೆ'ಯನ್ನು ಬರೆಯುವಾಗ ನೆನಪನ್ನು ಮನಸ್ಸಿನ ಹೊಟ್ಟೆಯೆಂದು ಕರೆದರು. ಸುಖದುಃಖಗಳು ಸಿಹಿಕಹಿ ತಿನಿಸುಗಳಂತೆ ಅಲ್ಲಿಗೆ ಇಳಿಯುತ್ತವೆ, ಮೆಲುಕು ಹಾಕುವ ಪ್ರಾಣಿಯ ಬಾಯಿಗೆ ಮೇವು ಬರುವಂತೆ ಸ್ಮರಣೆಯಲ್ಲಿ ಮತ್ತೆ ಮೇಲೇಳುತ್ತವೆ. ಅಷ್ಟಕ್ಕೇ ನಿಲ್ಲದೆ ಆ ಚತುರರು ಒಂದು ಪ್ರಶ್ನೆಯನ್ನೂ ಹಾಕಿಕೊಂಡರು: ಹಾಗಾದರೆ ಹಳೆಯ ದುಃಖವನ್ನು ನೆನೆದಾಗ ಅದರ ಕಹಿ ಬಾಯಿಗೆ ಏಕೆ ತಾಗುವುದಿಲ್ಲ? ದುಃಖಪಡದೆಯೇ ದುಃಖವನ್ನು ನೆನೆಯಬಲ್ಲೆನಲ್ಲ! ಈ ಪ್ರಶ್ನೆಯನ್ನೂ ನೆನಪಿನಲ್ಲಿಡಿ.

12ನೆಯ ಶತಮಾನದಲ್ಲಿ ಕಾರ್ತೂಸಿಯನ್ ಮಠಾಧಿಪತಿಯಾಗಿದ್ದ ಎರಡನೆಯ ಗೀಗೋ ಎಂಬವರು ಸನ್ಯಾಸಿಗಳಿಗಾಗಿ ಬರೆದ ಏಣಿಯ ಪುಸ್ತಕದಲ್ಲಿ ಇದೇ ಮಾತನ್ನು ಕ್ರಮಬದ್ಧಗೊಳಿಸಿದರು. ಓದು ತುತ್ತನ್ನು ಬಾಯಿಗೆ ಇಡುತ್ತದೆ, ಧ್ಯಾನ ಅದನ್ನು ಅಗಿದು ನುರಿಸುತ್ತದೆ, ಪ್ರಾರ್ಥನೆ ರುಚಿಯನ್ನು ಪಡೆಯುತ್ತದೆ, ದೈವದರ್ಶನವೇ ಆ ಸವಿ. 1965ರ ನವೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೈವವಾಕ್ಯದ ಮೇಲಣ ತನ್ನ ನಿರ್ಣಯದಲ್ಲಿ ಈ ಬಗೆಯ ಓದನ್ನು ಎಲ್ಲ ವಿಶ್ವಾಸಿಗಳಿಗೂ ಶಿಫಾರಸು ಮಾಡಿತು.

ನಮ್ಮ ಜಿಲ್ಲೆಗೂ ಇದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಮುದಗಲ್ಲಿನ ಕ್ರೈಸ್ತ ಸಮುದಾಯದ ಇತಿಹಾಸ ಬಿಜಾಪುರದ ಆದಿಲಶಾಹಿಗಳ ಕಾಲದವರೆಗೆ ಹಿಂದಕ್ಕೆ ಹೋಗುತ್ತದೆ. ಅಂದಿನಿಂದ 1960ರ ದಶಕದವರೆಗೆ ಬಲಿಪೂಜೆಯ ಭಾಷೆ ಲ್ಯಾಟಿನ್. ಶತಮಾನಗಳ ಕಾಲ ನಮ್ಮ ಸೀಮೆಯ ಗುಡಿಗಳೊಳಗೆ ಲ್ಯಾಟಿನ್ ಗ್ರಂಥದಲ್ಲಿ 'ರುಮಿನಾರೆ' ಎಂಬ ಪದ ಅಡಗಿಕೊಂಡಿತ್ತು. ಹೊರಗೆ, ಗುಡಿಯ ಗೋಡೆಗೆ ಕಟ್ಟಿದ ಎತ್ತು ಮೆಲಕು ಹಾಕುತ್ತಿತ್ತು. ಪಕ್ಕಪಕ್ಕದಲ್ಲಿಯೇ ಇದ್ದ ಈ ಎರಡು ಪದಗಳಿಗೆ ಪರಸ್ಪರ ಪರಿಚಯವಿರಲಿಲ್ಲ. 1963ರ ಡಿಸೆಂಬರಿನಲ್ಲಿ ಪೂಜಾವಿಧಿಯ ಮೇಲಣ ನಿರ್ಣಯ ಹೊರಟು, ಬಲಿಪೀಠದಲ್ಲಿ ಕನ್ನಡ ಕೇಳಿಬರತೊಡಗಿದ ಮೇಲೆಯೇ ನಮ್ಮ ಹಿರಿಯರಿಗೆ ವಾಚನಗಳು ಮೆಲ್ಲಬಹುದಾದ ತುತ್ತುಗಳಾದವು. ಲ್ಯಾಟಿನ್ನಿಗೆ ಅದರದೇ ಗಾಂಭೀರ್ಯವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಾಂಭೀರ್ಯವನ್ನು ಮೆಲುಕು ಹಾಕಲಾಗುವುದಿಲ್ಲ, ಮಾತನ್ನು ಮಾತ್ರ ಹಾಕಬಹುದು.

ಇಲ್ಲಿ ದವಡೆಯ ವಿಷಯವಾಗಿ ಒಂದು ಮಾತು. ಇಂದು ಧ್ಯಾನವೆಂದೊಡನೆ ಕಣ್ಣು ಮುಚ್ಚಿ, ಬಾಯಿ ಮುಚ್ಚಿ ಕುಳಿತ ವ್ಯಕ್ತಿ ಕಣ್ಣ ಮುಂದೆ ನಿಲ್ಲುತ್ತಾನೆ. ಪ್ರಾಚೀನರಲ್ಲಿ ಹಾಗಿರಲಿಲ್ಲ. ಮೊದಲನೆಯ ಕೀರ್ತನೆಯಲ್ಲಿ ಹಗಲಿರುಳೂ ಧ್ಯಾನಿಸುವುದು ಎಂಬಲ್ಲಿರುವ ಹೀಬ್ರೂ ಪದ 'ಹಾಗಾ'. ಅದೇ ಪದವನ್ನು ಯೆಶಾಯನ ಗ್ರಂಥದಲ್ಲಿ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ಮೊರೆತಕ್ಕೂ ಬಳಸಿದೆ. ಧ್ಯಾನವೆಂದರೆ ತುಟಿಯಾಡಿಸುತ್ತ ಗುನುಗುವುದಾಗಿತ್ತು. ಓದುವುದೆಂದರೆ ಗಟ್ಟಿಯಾಗಿ ಓದುವುದಾಗಿತ್ತು. ಸಂತ ಆಂಬ್ರೋಸರು ನಾಲಗೆಯಾಡಿಸದೆ ಕಣ್ಣಿನಿಂದಲೇ ಓದುತ್ತಿದ್ದುದನ್ನು ಕಂಡು ಅಗಸ್ಟೀನರು ಅದನ್ನೊಂದು ಸೋಜಿಗವೆಂಬಂತೆ ಬರೆದಿಟ್ಟಿದ್ದಾರೆ. ನಮ್ಮಲ್ಲಿಯೂ ಪಾಣಿನಿಯು ರೋಮಂಥದಿಂದ ಕ್ರಿಯಾಪದವನ್ನು ಸಾಧಿಸಲು ಸೂತ್ರವೊಂದನ್ನು ಮಾಡಿದ್ದಾನೆ. ದವಡೆ ಆಡಿದಾಗ ಮಾತ್ರ ಆ ರೂಪ ಸಲ್ಲುತ್ತದೆಂದು ಅದಕ್ಕೆ ವ್ಯಾಕರಣಕಾರರು ಷರತ್ತನ್ನು ಹಾಕಿದರು. ವ್ಯಾಕರಣಕಾರರ ಈ ಹಟ ನನಗೆ ಬಹಳ ಪ್ರಿಯವಾದುದು. ಜಪಸರವನ್ನು ಹಿಡಿದು ತುಟಿಯಾಡಿಸುವ ನಮ್ಮ ಅಜ್ಜಿಯಂದಿರನ್ನು ಓದು ಬಲ್ಲ ಮೊಮ್ಮಕ್ಕಳು ನಗುವುದುಂಟು. ಪದಶಾಸ್ತ್ರ ಅಜ್ಜಿಯರ ಪಕ್ಷದಲ್ಲಿದೆ.

ಇನ್ನು ಇಂಗ್ಲಿಷ್ ನಾಡಿನದೇ ಒಂದು ಕಥೆ. ಇದನ್ನು ಬರೆದವರು ಸಂತ ಬೀಡ್. 731ರಲ್ಲಿ ಮುಗಿಸಿದ ತಮ್ಮ ಧರ್ಮಸಭೆಯ ಇತಿಹಾಸದ ನಾಲ್ಕನೆಯ ಭಾಗದಲ್ಲಿ. 7ನೆಯ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ವಿಟ್‌ಬಿಯಲ್ಲಿ ಸಂತ ಹಿಲ್ಡ ಎಂಬ ಮಠಾಧ್ಯಕ್ಷೆಯಿದ್ದರು. ಆ ಮಠಕ್ಕೆ ಸೇರಿದ ಕ್ಯಾಡ್ಮನ್ ಎಂಬವನು ವಯಸ್ಸಾದರೂ ಒಂದು ಹಾಡನ್ನೂ ಕಲಿತವನಲ್ಲ. ಔತಣಗಳಲ್ಲಿ ಸರದಿಯಂತೆ ಎಲ್ಲರೂ ಹಾಡುವಾಗ ಕಿನ್ನರಿ ತನ್ನ ಹತ್ತಿರ ಬರುವುದನ್ನು ಕಂಡು ಎದ್ದು ಹೋಗಿಬಿಡುತ್ತಿದ್ದನು. ಅಂತಹ ಒಂದು ರಾತ್ರಿ ಕೊಟ್ಟಿಗೆ ಕಾಯುವ ಸರದಿ ಅವನದು. ದನಗಳ ಬಳಿ ಮಲಗಿದವನಿಗೆ ಕನಸಿನಲ್ಲಿ ಯಾರೋ ಬಂದು, ಹಾಡು, ಸೃಷ್ಟಿಯ ಆದಿಯನ್ನು ಹಾಡು ಎಂದರು. ಅವನು ಹಾಡಿದನು, ಎಚ್ಚರವಾದ ಮೇಲೂ ಹಾಡು ಉಳಿದಿತ್ತು. ಮುಂದೆ ಮಠದ ವಿದ್ವಾಂಸರು ಪವಿತ್ರ ಗ್ರಂಥದ ಪ್ರಸಂಗಗಳನ್ನು ಅವನಿಗೆ ತಿಳಿಸುತ್ತಿದ್ದರು, ಅವನು ಅವನ್ನು ತನ್ನ ನಾಡನುಡಿಯ ಪದ್ಯವನ್ನಾಗಿ ಮಾಡಿ ತಂದೊಪ್ಪಿಸುತ್ತಿದ್ದನು. ಓದುಬರಹವಿಲ್ಲದ ಈ ಮನುಷ್ಯನ ಕೆಲಸವನ್ನು ವರ್ಣಿಸುವಾಗ ಬೀಡ್ ಪಂಡಿತರು ಹುಡುಕಿ ತೆಗೆದ ಹೋಲಿಕೆಯೇ ಶುದ್ಧಪ್ರಾಣಿಯ ಮೆಲುಕು. ಕೊಟ್ಟಿಗೆಯಲ್ಲಿ ಮಲಗಿದವನಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಬೇರೆ ಇರಲಾರದು. ಇಂಗ್ಲಿಷ್ ಭಾಷೆಯಲ್ಲಿ ಹೆಸರು ತಿಳಿದಿರುವ ಮೊದಲ ಕವಿಯೆಂದು ಇಂದು ಎಣಿಸುವುದು ಇವನನ್ನೇ.

ಕೇಳಿ, ನೆನೆದು, ನಾಡನುಡಿಯ ಹಾಡನ್ನಾಗಿ ಮಾಡುವ ಈ ಕೆಲಸ ಮಾನ್ವಿ ತಾಲ್ಲೂಕಿಗೆ ಅಪರಿಚಿತವಲ್ಲ. ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಇವರೆಲ್ಲರೂ ಸಂಸ್ಕೃತದ ಶಾಸ್ತ್ರವನ್ನು ಅರಗಿಸಿಕೊಂಡು ಕನ್ನಡದ ಹಾಡನ್ನಾಗಿ ಕೊಟ್ಟವರು. ಜಗನ್ನಾಥದಾಸರ 'ಹರಿಕಥಾಮೃತಸಾರ'ದ ಹಿಂದೆ ಎಷ್ಟು ಗ್ರಂಥಗಳ ಮೆಲುಕಿದೆಯೆಂಬುದನ್ನು ಬಲ್ಲವರು ಬಲ್ಲರು. ಅವರ ಪರಂಪರೆಯಲ್ಲಿ ಇದಕ್ಕೆ ಇಟ್ಟ ಹೆಸರು ಶ್ರವಣ, ಮನನ, ನಿದಿಧ್ಯಾಸನ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಹೇಳಿದ ಕ್ರಮ ಅದು. ಕೇಳುವುದು ಮೇವು, ಮನನ ಮೆಲುಕು. ಧರ್ಮಗಳು ಬೇರೆಯಾದರೂ ದವಡೆಯ ಕೆಲಸ ಬೇರೆಯಲ್ಲ.

ಇಲ್ಲಿಯವರೆಗೆ ಪದದ ವೈಭವವನ್ನು ಹೇಳಿದ್ದಾಯಿತು. ಇನ್ನು ಅದಕ್ಕೆ ಒದಗಿದ ದುರವಸ್ಥೆಯನ್ನು ಹೇಳಬೇಕು. ಕನ್ನಡದಲ್ಲಿ ಮೆಲುಕು ಎಂಬುದು ನೆನಪಿಗಷ್ಟೇ ಮೀಸಲಾಗುತ್ತ ಬಂದಿದೆ. ಬಾಲ್ಯದ ಮೆಲುಕು, ಶಾಲಾದಿನಗಳ ಮೆಲುಕು. ಅಗಿಯುವ ಶ್ರಮ ಹೋಗಿ ಚಪ್ಪರಿಸುವ ಸುಖವೊಂದೇ ಉಳಿದಿದೆ. ಇಂಗ್ಲಿಷಿನಲ್ಲಾದರೋ ಪದ ಇದಕ್ಕೆ ವಿರುದ್ಧವಾದ ದಿಕ್ಕಿಗೆ ಹೊರಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲನ್-ಹೋಕ್ಸೆಮಾ 1991ರಲ್ಲಿ ಪ್ರಕಟಿಸಿದ ಸಿದ್ಧಾಂತದ ಬಳಿಕ 'ರುಮಿನೇಷನ್' ಎಂಬುದು ವೈದ್ಯರ ಬಾಯಲ್ಲಿ ಒಂದು ಬಾಧೆಯ ಹೆಸರಾಗಿದೆ. ತನ್ನ ದುಃಖವನ್ನೂ ಅದರ ಕಾರಣಗಳನ್ನೂ ಪರಿಣಾಮಗಳನ್ನೂ ಮತ್ತೆ ಮತ್ತೆ ನೆನೆಯುತ್ತ, ಪರಿಹಾರದ ಕಡೆಗೆ ಒಂದು ಹೆಜ್ಜೆಯನ್ನೂ ಇಡದೆ ಸುತ್ತುತ್ತಿರುವ ಸ್ಥಿತಿ ಅದು. ಹೀಗೆ ಕೊರಗುವವರಲ್ಲಿ ಖಿನ್ನತೆ ಹೆಚ್ಚು ಕಾಲ ನಿಲ್ಲುತ್ತದೆಂದು ಅವರ ಅಧ್ಯಯನಗಳು ತೋರಿಸಿದವು. ಸಂತರ ಸಾಧನೆಯ ಹೆಸರು ಈಗ ರೋಗಿಯ ಚೀಟಿಯಲ್ಲಿದೆ.

ಇದನ್ನು ಕೇವಲ ಪಂಡಿತರ ಜಿಜ್ಞಾಸೆಯೆಂದು ಎಣಿಸಬಾರದು. ಸಾಲದ ಕಾಗದವನ್ನು ತಲೆದಿಂಬಿನಡಿ ಇಟ್ಟುಕೊಂಡು ರಾತ್ರಿಯೆಲ್ಲ ಹೊರಳಾಡುವ ರೈತನೂ ಯೋಚಿಸುತ್ತಲೇ ಇದ್ದಾನೆ. ಪರೀಕ್ಷೆಯಲ್ಲಿ ಅನುತ್ತೀರ್ಣಳಾದ ಹುಡುಗಿ ಗೋಡೆಯ ಕಡೆಗೆ ಮುಖಮಾಡಿ ಯೋಚಿಸುತ್ತಲೇ ಇದ್ದಾಳೆ. 'ಬಹಳ ಯೋಚಿಸಬೇಡ' ಎಂದು ನಾವು ಅವರಿಗೆ ಬುದ್ಧಿ ಹೇಳುತ್ತೇವೆ. ಅದೇ ಬಾಯಿಂದ 'ಚೆನ್ನಾಗಿ ಯೋಚಿಸು' ಎಂದೂ ಹೇಳುತ್ತೇವೆ. ಅವರು ಯಾವುದನ್ನು ಕೇಳಬೇಕು? ಚಿಂತನೆಗೂ ಚಿಂತೆಗೂ ಧಾತು ಒಂದೇ. ಗಡಿ ಎಲ್ಲಿದೆಯೆಂದು ತಿಳಿಸದೆ ಎರಡನ್ನೂ ಉಪದೇಶಿಸಿದರೆ ಪ್ರಯೋಜನವಿಲ್ಲ.

ಗಡಿಯನ್ನು ತೋರಿಸಲು ಹಸುವೇ ಸಾಕು ಎಂದು ನನ್ನ ಅಭಿಪ್ರಾಯ. ಮೇಲಕ್ಕೆ ಬಂದ ಉಂಡೆ ಒಂದು ನಿಮಿಷದಲ್ಲಿ ನುರಿದು ಕೆಳಗಿಳಿಯುತ್ತದೆಂದು ಹೇಳಿದೆನಷ್ಟೆ. ಸಾಕಷ್ಟು ನುರಿದದ್ದು ಮುಂದಿನ ಕೋಣೆಗೆ ಸಾಗಿ ರಕ್ತವಾಗುತ್ತದೆ. ಕೊರಗಿನಲ್ಲಿ ಉಂಡೆ ಇಳಿಯುವುದೇ ಇಲ್ಲ. ಒಂದೇ ಉಂಡೆ ಬಾಯಲ್ಲಿ ನಿಂತು, ಸವೆಯದೆ, ಸಾಗದೆ, ಪ್ರತಿಸಲವೂ ಮೊದಲಿನ ಕಹಿಯನ್ನೇ ಕೊಡುತ್ತದೆ. ಅಗಸ್ಟೀನರ ಪ್ರಶ್ನೆಯನ್ನು ಈಗ ನೆನೆಯಿರಿ. ಕಹಿ ತಾಗದೆ ದುಃಖವನ್ನು ನೆನೆಯಬಲ್ಲವನು ಮೆಲುಕು ಹಾಕುತ್ತಿದ್ದಾನೆ. ನೆನೆದಾಗಲೆಲ್ಲ ಕಹಿಯುಣ್ಣುವವನಲ್ಲಿ ಆ ಕೆಲಸ ನಡೆದಿಲ್ಲ. ನುಂಗಿದ್ದು ಎಳೆಯ ಜೋಳದ ವಿಷವಾಗಿದ್ದರೆ ಅಗಿಯುವುದರಿಂದ ಆಗುವುದೇನೂ ಇಲ್ಲ, ಪಶುವೈದ್ಯನನ್ನು ಕರೆಯಬೇಕು. ಮನುಷ್ಯನಿಗೂ ವೈದ್ಯರಿದ್ದಾರೆ, ಅವರಲ್ಲಿಗೆ ಹೋಗುವುದರಲ್ಲಿ ನಾಚಿಕೆಯಿಲ್ಲ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ.

ಎರಡನೆಯ ಗುರುತು, ನಿಶ್ಚಿಂತೆ. ಬೆದರಿದ ದನ ಮೆಲುಕು ಹಾಕುವುದಿಲ್ಲ. ಕಾಳಿದಾಸನು ಇದನ್ನು ಬಲ್ಲವನಾಗಿದ್ದನು. 'ಶಾಕುಂತಲ'ದ ಎರಡನೆಯ ಅಂಕದಲ್ಲಿ ದುಷ್ಯಂತನು ಬೇಟೆಯನ್ನು ನಿಲ್ಲಿಸಿ, ಬಿಲ್ಲಿನ ಹೆದೆಯನ್ನು ಸಡಿಲಿಸಿ, ಜಿಂಕೆಗಳ ಹಿಂಡು ನೆರಳಿನಲ್ಲಿ ಕೂಡಿ ಮೆಲುಕು ಹಾಕಲಿ ಎಂದು ಹೇಳುತ್ತಾನೆ. ಬಿಲ್ಲು ಇಳಿಯಬೇಕು, ಆಮೇಲೆ ಮೆಲುಕು. ಬೆತ್ತ ಹಿಡಿದು 'ಯೋಚಿಸಿ ಹೇಳು' ಎನ್ನುವ ಉಪಾಧ್ಯಾಯನೂ, ಮನೆಬಾಗಿಲಿಗೆ ಬಂದು ಕೂಗಾಡಿ 'ಯೋಚಿಸಿ ನೋಡು' ಎಂದು ಹೋಗುವ ಸಾಲಗಾರನೂ ಈ ಅನುಕ್ರಮವನ್ನು ತಿಳಿದವರಲ್ಲ. ಮೂರನೆಯ ಗುರುತೂ ಒಂದಿದೆ: ನುಂಗದವನಿಗೆ ಮೆಲುಕಿಲ್ಲ. ಅಂಗೈಯಲ್ಲಿನ ಮೊಬೈಲಿನಲ್ಲಿ ಬೆರಳಾಡಿಸುತ್ತ ಗಂಟೆಗಟ್ಟಲೆ ಮೂಸಿ ಮೂಸಿ ಮುಂದೆ ಹೋಗುವ ಓದಿನಲ್ಲಿ ಮೇಲಕ್ಕೆ ತಂದುಕೊಳ್ಳಲು ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಕಂಠಪಾಠವನ್ನು ಹಳಿಯುವುದು ಈಗ ವಿದ್ಯಾವಂತರ ವಾಡಿಕೆ. ಮೆಲುಕ್ಕಿಲ್ಲದ ಕಂಠಪಾಠ ಅಜೀರ್ಣವೆಂಬುದು ನಿಜ. ಆದರೆ ಕಂಠಕ್ಕೆ ಏನನ್ನೂ ಇಳಿಸದ ಶಿಕ್ಷಣ ಉಪವಾಸ. ಅಜೀರ್ಣಕ್ಕೆ ಔಷಧವಾದರೂ ಉಂಟು.

ಕೊನೆಯದಾಗಿ, ಬರೆಯುವ ಮತ್ತು ಅನುವಾದಿಸುವ ಯುವಕ ಯುವತಿಯರಲ್ಲಿ ಒಂದು ವಿಜ್ಞಾಪನೆ. ವೈದ್ಯಕೀಯದ 'ರುಮಿನೇಷನ್' ಎದುರಾದಾಗ ಕನ್ನಡದಲ್ಲಿ 'ಮೆಲುಕು' ಎಂದು ಬರೆಯಬೇಡಿ. ಅದಕ್ಕೆ 'ಕೊರಗು' ಎಂಬ ಚೊಕ್ಕ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ. ಒಳಗೊಳಗೇ ಸವೆಯುವುದೆಂಬ ಅರ್ಥ ಅದರಲ್ಲಿ ತುಂಬಿದೆ, ಯಾವ ಹಳ್ಳಿಯ ತಾಯಿಗೂ ವಿವರಿಸಬೇಕಾದುದಿಲ್ಲ. ಇಂಗ್ಲಿಷಿಗೆ ಎರಡಕ್ಕೂ ಒಂದೇ ಪದವನ್ನು ಬಳಸಬೇಕಾಗಿ ಬಂದದ್ದು ಅದರ ಬಡತನ, ನಾವು ಅದನ್ನು ಸಾಲ ತರಬೇಕಾಗಿಲ್ಲ. ಮೆಲುಕು ಎಂಬುದನ್ನು ಹಳೆಯ 'ರುಮಿನೇಟ್'ಗೆ ಉಳಿಸಿಕೊಳ್ಳಿ. ಅದನ್ನು ನೆನಪಿಗೆ ಮಾತ್ರವಲ್ಲ, ಕೇಳಿದ ಪ್ರಬೋಧನೆಗೆ, ಓದಿದ ಪಾಠಕ್ಕೆ, ಪಂಚಾಯಿತಿಯಲ್ಲಿ ಕೇಳಿಬಂದ ವಾದಕ್ಕೂ ಬಳಸಿ. ನಮ್ಮ ನೆರೆಯ ತೆಲುಗಿನವರು ಓದಿದ ಪಾಠವನ್ನು ನೆಮರು ಹಾಕಿಕೊಳ್ಳುತ್ತೇನೆಂದು ಇಂದಿಗೂ ಹೇಳುತ್ತಾರೆ. ಮಾನ್ವಿಯ ಸಂತೆಯಲ್ಲಿ ನಿಂತರೆ ಅದನ್ನು ಕಿವಿಯಾರೆ ಕೇಳಬಹುದು.